ಪೌರಧರ್ಮವೂ ಎರಡು ನಾಡುಗಳ ಋಣವೂ

ಹುಟ್ಟಿದ ನಾಡನ್ನು ಬಿಟ್ಟು ಬೇರೊಂದು ನಾಡಿನಲ್ಲಿ ನೆಲೆಸಿದವನು ಆ ನಾಡಿನ ಪೌರತ್ವವನ್ನು ಸ್ವೀಕರಿಸುವುದು ಧರ್ಮವೋ, ಅಥವಾ ಹೆತ್ತ ನೆಲಕ್ಕೆ ಬಗೆದ ದ್ರೋಹವೋ ಎಂಬುದು ಈ ಕಾಲದಲ್ಲಿ ಅನೇಕ ಮನೆಗಳಲ್ಲಿ ಎದ್ದಿರುವ ಪ್ರಶ್ನೆ. ಹಿಂದೆ ಇದು ರಾಜನೀತಿಜ್ಞರಿಗೆ ಮಾತ್ರ ಸಂಬಂಧಿಸಿದ ವಿಚಾರವಾಗಿದ್ದಿತು. ನಮ್ಮ ಊರುಗಳ ಮಕ್ಕಳೂ ಸಮುದ್ರದಾಚೆ ಹೋಗಿ ನೆಲೆಸುತ್ತಿರುವ ಈ ದಿನಗಳಲ್ಲಿ ಜಗಲಿಯ ಮೇಲೆ ಕುಳಿತ ತಂದೆತಾಯಿಗಳೂ ಇದನ್ನು ಕೇಳಿಕೊಳ್ಳುವಂತಾಗಿದೆ. ಭಾರತದ 1955ರ ಪೌರತ್ವ ಕಾಯಿದೆಯ ಪ್ರಕಾರ, ತಾನಾಗಿ ಬೇರೆ ದೇಶದ ಪೌರತ್ವವನ್ನು ಪಡೆದವನು ಭಾರತದ ಪೌರನಾಗಿ ಉಳಿಯುವುದಿಲ್ಲ. 2005ರಿಂದೀಚೆಗೆ ಇಂತಹವರಿಗೆ ಸಾಗರೋತ್ತರ ಭಾರತೀಯರೆಂಬ ಗುರುತಿನ ಪತ್ರವೊಂದನ್ನು ಕೊಡುವ ಏರ್ಪಾಡಿದೆ. ಅದರಿಂದ ಬಂದುಹೋಗುವ ಸೌಕರ್ಯ ದೊರೆಯುತ್ತದೆಯೇ ಹೊರತು ಮತ ಕೊಡುವ ಹಕ್ಕು ದೊರೆಯುವುದಿಲ್ಲ. ಆದಕಾರಣ ಒಂದನ್ನು ಹಿಡಿಯಬೇಕಾದರೆ ಇನ್ನೊಂದನ್ನು ಬಿಡಲೇಬೇಕಾದ ಸಂದರ್ಭವಿದು. ಎಲ್ಲಿ ಬಿಡುವುದೂ ಹಿಡಿಯುವುದೂ ಉಂಟೋ ಅಲ್ಲಿ ಧರ್ಮಜಿಜ್ಞಾಸೆಯೂ ಉಂಟು.

ಇಂತಹ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಲು ಹೊರಡುವುದಕ್ಕಿಂತ, ಈ ದಾರಿಯಲ್ಲಿ ಮುಂಚೆಯೇ ನಡೆದವರ ಬಾಳನ್ನು ನಿದರ್ಶನವಾಗಿಟ್ಟುಕೊಂಡು ವಿಚಾರಿಸುವುದು ಉಚಿತ. ಅಂತಹ ನಿದರ್ಶನಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿರುವ ಕೊರಿಯಾ ದೇಶದವರದು ಬಹಳ ಬೋಧಪ್ರದವಾದುದು. ಬಹುಭಾಷೆ, ಬಹುವರ್ಣ, ಬಹುಮತಗಳ ಆ ನಾಡಿನಲ್ಲಿ ಅವರು ಒಂದು ಶತಮಾನಕ್ಕೂ ಮೀರಿ ಬಾಳಿದ್ದಾರೆ. ಆ ಅವಧಿಯಲ್ಲಿ ಅವರು ಕಂಡ ತಿರಸ್ಕಾರ, ಪಟ್ಟ ಪಾಡು, ಕಲಿತ ಪಾಠ ಇವೆಲ್ಲವೂ ನಮ್ಮ ಪ್ರಶ್ನೆಯ ಒಂದೊಂದು ಮುಖವನ್ನು ಬೆಳಗುತ್ತವೆ.

ಮೊದಲು ಶಬ್ದಗಳನ್ನು ವಿಚಾರಿಸೋಣ. ಪ್ರಜೆ, ಪೌರ, ನಾಗರಿಕ ಎಂಬ ಮೂರು ಶಬ್ದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಅವುಗಳ ವ್ಯುತ್ಪತ್ತಿ ಬೇರೆ ಬೇರೆ. 'ಪ್ರ' ಎಂಬ ಉಪಸರ್ಗದೊಡನೆ 'ಜನ್' ಧಾತುವಿನಿಂದ ನಿಷ್ಪನ್ನವಾದ ಪ್ರಜಾ ಶಬ್ದಕ್ಕೆ ಸಂತಾನವೆಂಬುದು ಮೂಲಾರ್ಥ. ದೊರೆಯು ತಂದೆ, ಜನರು ಮಕ್ಕಳು ಎಂಬ ಭಾವನೆಯಿಂದ ಅದು ದೇಶದ ಜನರಿಗೆ ಸಂದಿತು. ಪುರದಲ್ಲಿ ವಾಸಿಸುವವನು ಪೌರ. ನಗರಕ್ಕೆ ಸೇರಿದವನು ನಾಗರಿಕ. ಆದರೆ ಆ ಶಬ್ದಕ್ಕೆ ನಯವಿನಯಗಳನ್ನು ಬಲ್ಲವನೆಂಬ ಅರ್ಥವೂ ಬೆಳೆದು ಬಂದಿದೆ. ಹೀಗೆ, ಪ್ರಜೆಯಾಗುವುದು ಹುಟ್ಟಿನಿಂದ, ಪೌರನಾಗುವುದು ವಾಸದಿಂದ, ನಾಗರಿಕನಾಗುವುದು ನಡತೆಯಿಂದ. ಹುಟ್ಟು ನಮ್ಮ ಕೈಯಲ್ಲಿಲ್ಲ. ವಾಸವು ಅರ್ಧ ನಮ್ಮ ಕೈಯಲ್ಲಿದೆ. ನಡತೆಯಾದರೋ ಪೂರ್ಣವಾಗಿ ನಮ್ಮದೇ. ವಲಸೆ ಹೋದವನ ಧರ್ಮವನ್ನು ಅಳೆಯಬೇಕಾದುದು ಈ ಮೂರನೆಯದರಿಂದ ಎಂಬುದನ್ನು ಮುಂದೆ ಕಾಣುವೆವು.

1903ರ ಜನವರಿ 13ರಂದು ಗೇಲಿಕ್ ಎಂಬ ಹಡಗು ಹವಾಯಿ ದ್ವೀಪಗಳ ಹೊನಲೂಲು ಬಂದರನ್ನು ಸೇರಿತು. ನೂರಕ್ಕೆ ಸ್ವಲ್ಪ ಮಿಗಿಲಾದ ಕೊರಿಯನ್ ಗಂಡಸರು, ಹೆಂಗಸರು, ಮಕ್ಕಳು ಅದರಲ್ಲಿದ್ದರು. ಕಬ್ಬಿನ ತೋಟಗಳ ಕೂಲಿಗಾಗಿ ಬಂದವರು ಇವರು. ಎರಡೇ ವರ್ಷಗಳಲ್ಲಿ ಇಂತಹವರ ಸಂಖ್ಯೆ ಸುಮಾರು 7,000ಕ್ಕೆ ಏರಿತು. 1905ರಲ್ಲಿ ಕೊರಿಯಾ ಜಪಾನಿನ ಹಿಡಿತಕ್ಕೆ ಸಿಕ್ಕಿತು; ವಲಸೆಯೂ ನಿಂತಿತು. 1910ರಲ್ಲಿ ಜಪಾನು ಆ ದೇಶವನ್ನು ಪೂರ್ಣವಾಗಿ ತನ್ನೊಳಗೆ ಸೇರಿಸಿಕೊಂಡಿತು. ಕಬ್ಬಿನ ಗದ್ದೆಯಲ್ಲಿ ದುಡಿಯುತ್ತಿದ್ದ ಕೂಲಿಯು ಹಿಂದಿರುಗಿ ನೋಡಿದರೆ ತನ್ನ ದೇಶವೆಂಬುದೇ ಭೂಪಟದಲ್ಲಿ ಉಳಿದಿರಲಿಲ್ಲ.

ಬಿಟ್ಟು ಬಂದ ದೇಶ ಹೀಗಾದರೆ, ಬಂದು ಸೇರಿದ ದೇಶ ಅವರನ್ನು ಒಳಗೆ ಕರೆದುಕೊಂಡಿತೇ? ಅದೂ ಇಲ್ಲ. ಅಮೆರಿಕೆಯ 1790ರ ಶಾಸನವು ಸ್ವತಂತ್ರರಾದ ಬಿಳಿಯ ಜನರಿಗೆ ಮಾತ್ರ ಪೌರತ್ವವನ್ನು ಕೊಡಲು ಒಪ್ಪಿತ್ತು. 1870ರಲ್ಲಿ ಆಫ್ರಿಕಾ ಮೂಲದವರಿಗೂ ಆ ಬಾಗಿಲು ತೆರೆಯಿತು. ಏಷ್ಯಾದವರು ಹೊರಗೇ ಉಳಿದರು. 1922ರಲ್ಲಿ ಜಪಾನಿನ ಒಜಾವಾ ಎಂಬವರ ಮೊಕದ್ದಮೆಯಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಬಿಳಿಯ ಜನರೆಂದರೆ ಕಕೇಸಿಯನ್ ಜನಾಂಗದವರು, ಬರಿಯ ಮೈಬಣ್ಣ ಸಾಲದೆಂದು ತೀರ್ಮಾನಿಸಿತು. ಮೂರೇ ತಿಂಗಳ ಮೇಲೆ, 1923ರಲ್ಲಿ, ನಮ್ಮ ಪಂಜಾಬಿನ ಭಗತ್ ಸಿಂಗ್ ಥಿಂಡ್ ಎಂಬವರು ತಾವು ಆ ಜನಾಂಗದವರೇ ಎಂದು ವಾದಿಸಿದಾಗ, ಜನಾಂಗ ಸಾಲದು, ಸಾಮಾನ್ಯ ಜನರು ಯಾರನ್ನು ಬಿಳಿಯರೆನ್ನುತ್ತಾರೋ ಅವರೇ ಬಿಳಿಯರು ಎಂದು ಅದೇ ನ್ಯಾಯಾಲಯ ಹೇಳಿತು. ಒಬ್ಬನನ್ನು ಹೊರಗಿಡಲು ಒಂದು ಹೇತು, ಇನ್ನೊಬ್ಬನನ್ನು ಹೊರಗಿಡಲು ಅದಕ್ಕೆ ವಿರುದ್ಧವಾದ ಹೇತು. ನ್ಯಾಯಶಾಸ್ತ್ರವನ್ನು ಓದುವ ವಿದ್ಯಾರ್ಥಿಗೆ ಹೇತ್ವಾಭಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ.

ಈ ತೀರ್ಪುಗಳಿಗಿಂತ ಮೊದಲೇ ಕೊರಿಯನ್ನನೊಬ್ಬನಿಗೆ ಆದ ಅನುಭವ ಇನ್ನೂ ಮನಕರಗಿಸುವಂತಹುದು. ಈಸರ್ಕ್ ಎಮ್ಸನ್ ಚಾರ್ ಎಂಬವರು ಬಾಲ್ಯದಲ್ಲಿಯೇ ಹವಾಯಿಗೆ ಬಂದು, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕೆಯ ಸೈನ್ಯದಲ್ಲಿ ಸೇವೆ ಮಾಡಿದವರು. ಅವರು ಪೌರತ್ವ ಬೇಡಿದಾಗ 1921ರಲ್ಲಿ ನ್ಯಾಯಾಲಯವು ಅದನ್ನು ನಿರಾಕರಿಸಿತು. ಆ ನಾಡಿಗಾಗಿ ಪ್ರಾಣ ಕೊಡಲು ಅರ್ಹತೆಯಿದೆ, ಆ ನಾಡಿನವನೆನಿಸಿಕೊಳ್ಳಲು ಅರ್ಹತೆಯಿಲ್ಲ! ಯುದ್ಧದಲ್ಲಿ ಸೇವೆ ಮಾಡಿದವರಿಗಾಗಿ 1935ರಲ್ಲಿ ಬೇರೆಯೇ ಶಾಸನವಾದ ಬಳಿಕ ಅವರಿಗೆ ಪೌರತ್ವ ದೊರೆಯಿತು. ಉಳಿದ ಕೊರಿಯನ್ನರು 1952ರ ಶಾಸನದಿಂದ ವರ್ಣದ ಅಡ್ಡಿ ಹೋಗುವವರೆಗೆ, ಎಂದರೆ ಮೊದಲ ಹಡಗು ಬಂದ ಮೇಲೆ ಅರ್ಧ ಶತಮಾನದವರೆಗೆ, ಕಾಯಬೇಕಾಯಿತು.

ಇಲ್ಲಿ ಮೊದಲನೆಯ ಪೂರ್ವಪಕ್ಷ ಏಳುತ್ತದೆ. ತಿರಸ್ಕರಿಸಿದ ನಾಡಿಗೆ ನಿಷ್ಠೆ ಏಕೆ? ಬಾಗಿಲು ಹಾಕಿದ ಮನೆಯ ಅಂಗಳವನ್ನು ಗುಡಿಸುವವನು ಮಾನಗೇಡಿಯಲ್ಲವೇ? ಈ ಆಕ್ಷೇಪ ಹಗುರವಾದುದಲ್ಲ. ಆತ್ಮಗೌರವವಿಲ್ಲದ ಸೇವೆಯು ಸೇವೆಯಲ್ಲ, ಅದು ದೈನ್ಯ. ಆದರೆ ಆ ಕಾಲದ ಕೊರಿಯನ್ನರು ಮಾಡಿದುದೇನೆಂಬುದನ್ನು ನೋಡಿದರೆ, ಪೌರಧರ್ಮವು ರಾಜಮುದ್ರೆಗಾಗಿ ಕಾಯುವುದಿಲ್ಲವೆಂಬುದು ತಿಳಿಯುತ್ತದೆ.

1902ರಲ್ಲಿ ಆನ್ ಚಾಂಗ್ ಹೋ ಎಂಬ ತರುಣರು ವಿದ್ಯಾಭ್ಯಾಸಕ್ಕಾಗಿ ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಬಂದರು. ಅಲ್ಲಿ ನಡುಬೀದಿಯಲ್ಲಿ ಇಬ್ಬರು ಕೊರಿಯನ್ ವ್ಯಾಪಾರಿಗಳು ಜಗಳವಾಡುತ್ತಿರುವುದನ್ನೂ, ಸುತ್ತಲೂ ಪರಕೀಯರು ನಿಂತು ನಗುತ್ತಿರುವುದನ್ನೂ ಕಂಡರು. ಅವರು ಪುಸ್ತಕವನ್ನು ಬದಿಗಿಟ್ಟು ತಮ್ಮವರ ಮನೆಗಳಿಗೆ ಹೋಗಿ ಅಂಗಳ ಗುಡಿಸಿದರು, ಕಿಟಕಿಗಳನ್ನು ತೊಳೆದರು. ಮೊದಮೊದಲು ಸಂಶಯಪಟ್ಟವರೂ ಕ್ರಮೇಣ ತಾವೇ ಶುಚಿಯಾಗಿರಲು ಕಲಿತರು. ಬಳಿಕ ಅವರು ರಿವರ್‌ಸೈಡ್ ಎಂಬ ಊರಿನ ಕಿತ್ತಳೆ ತೋಟಗಳಲ್ಲಿ ಕೂಲಿ ಮಾಡುತ್ತ, ಒಂದೊಂದು ಹಣ್ಣನ್ನು ಜಾಗರೂಕತೆಯಿಂದ ಕೀಳುವುದೂ ದೇಶಸೇವೆಯೇ ಎಂದು ಜೊತೆಯವರಿಗೆ ತಿಳಿಸಿದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. 1913ರಲ್ಲಿ ಶೀಲಸಂವರ್ಧನೆಗಾಗಿ ಒಂದು ಸಂಘವನ್ನೂ ಸ್ಥಾಪಿಸಿದರು. ತಾಯ್ನಾಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿ, ಜಪಾನೀಯರ ಸೆರೆಮನೆಯ ಕಷ್ಟಗಳನ್ನು ಅನುಭವಿಸಿ, 1938ರಲ್ಲಿ ತೀರಿಕೊಂಡ ಈ ಮಹನೀಯರು ಅಮೆರಿಕೆಯ ಪೌರರಾಗಿರಲಿಲ್ಲ. ಆಗಲು ಅವಕಾಶವೂ ಇರಲಿಲ್ಲ. ಆದರೂ ನೆರೆಹೊರೆಯೊಡನೆ ಹೇಗೆ ಬಾಳಬೇಕೆಂಬ ಪೌರಧರ್ಮವನ್ನು ತಮ್ಮವರಿಗೆ ಮೊದಲು ಕಲಿಸಿದವರು ಇವರೇ. ಅವರು ಗುಡಿಸಿದ ಅಂಗಳ ಬಾಗಿಲು ಹಾಕಿದವರದಲ್ಲ. ತಮ್ಮ ಜನರು ನಿಂತ ನೆಲ. ನಿಂತ ನೆಲವನ್ನು ಶುಚಿಯಾಗಿಡುವುದರಲ್ಲಿ ದೈನ್ಯವೇನಿದೆ?

ಆತ್ಮಗೌರವದ ಮಾತಿಗೆ ಇನ್ನೊಂದು ಪ್ರಸಂಗವುಂಟು. 1913ರಲ್ಲಿ ಕ್ಯಾಲಿಫೋರ್ನಿಯಾದ ಹೆಮೆಟ್ ಎಂಬ ಊರಿನಲ್ಲಿ ಜರದಾಳು ಹಣ್ಣು ಕೀಳಲು ಹೋದ ಕೊರಿಯನ್ ಕೂಲಿಗಳನ್ನು ಗುಂಪೊಂದು ಬೆದರಿಸಿ ಓಡಿಸಿತು. ಜಪಾನಿನ ರಾಯಭಾರ ಕಚೇರಿಯು, ಇವರು ನಮ್ಮ ಪ್ರಜೆಗಳು, ಪರಿಹಾರವನ್ನು ನಾವು ಕೊಡಿಸುತ್ತೇವೆಂದು ಮುಂದೆ ಬಂದಿತು. ಕೊರಿಯಾ ರಾಷ್ಟ್ರೀಯ ಸಂಘದವರು ಅಮೆರಿಕೆಯ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರಿಗೆ ತಂತಿ ಕಳುಹಿಸಿ, ತಾವು ಜಪಾನಿನ ಪ್ರಜೆಗಳಲ್ಲವೆಂದೂ ತಮ್ಮ ವಿಚಾರದಲ್ಲಿ ಜಪಾನಿಗೆ ಅಧಿಕಾರವಿಲ್ಲವೆಂದೂ ತಿಳಿಸಿದರು. ಇನ್ನು ಮುಂದೆ ಕೊರಿಯನ್ನರ ವಿಚಾರವನ್ನು ಅವರ ಸಂಘದೊಡನೆಯೇ ವ್ಯವಹರಿಸುವೆವೆಂದು ಬ್ರಯಾನರು ಒಪ್ಪಿದರು. ಸಿಗಬಹುದಾದ ಹಣವನ್ನು ಬಿಟ್ಟು ಮಾನವನ್ನು ಉಳಿಸಿಕೊಂಡವರಿವರು. ದೇಶವನ್ನು ಕಳೆದುಕೊಂಡವರೂ ಪೌರತ್ವ ದೊರೆಯದವರೂ ಹೀಗೆ ನಡೆದುಕೊಂಡರೆಂದರೆ, ಪೌರಭಾವವು ಪತ್ರಕ್ಕಿಂತ ಹಿರಿದೆಂಬುದಕ್ಕೆ ಬೇರೆ ಪ್ರಮಾಣವೇಕೆ?

ಎರಡನೆಯ ಪೂರ್ವಪಕ್ಷವು ಹೆತ್ತ ನೆಲದ ಋಣವನ್ನು ಕುರಿತದ್ದು. ಪೌರತ್ವವನ್ನು ಪಡೆಯುವವನು ಅಮೆರಿಕೆಯಲ್ಲಿ ಸಾಮಾನ್ಯವಾಗಿ 5 ವರ್ಷ ಸ್ಥಿರವಾಸಿಯಾಗಿದ್ದು, ಇಂಗ್ಲಿಷ್ ಭಾಷೆಯಲ್ಲಿಯೂ ಆ ದೇಶದ ಇತಿಹಾಸ, ಆಡಳಿತಗಳಲ್ಲಿಯೂ ಪರೀಕ್ಷೆಗೆ ಒಳಗಾಗಬೇಕು. 50 ವರ್ಷ ವಯಸ್ಸಾಗಿ 20 ವರ್ಷ ಅಲ್ಲಿ ನೆಲೆಸಿದವರಿಗೂ, 55 ವಯಸ್ಸಾಗಿ 15 ವರ್ಷ ನೆಲೆಸಿದವರಿಗೂ ಭಾಷಾಪರೀಕ್ಷೆಯಿಂದ ಮಾತ್ರ ವಿನಾಯಿತಿಯುಂಟು. ಕೊನೆಯಲ್ಲಿ ಪ್ರತಿಜ್ಞೆ, ಹಿಂದೆ ತಾನು ಯಾವ ದೊರೆಗೆ, ಯಾವ ರಾಜ್ಯಕ್ಕೆ ವಿಧೇಯನಾಗಿದ್ದನೋ ಆ ವಿಧೇಯತೆಯನ್ನು ಪೂರ್ಣವಾಗಿ ತ್ಯಜಿಸುತ್ತೇನೆಂದು ಕೈಯೆತ್ತಿ ಹೇಳಬೇಕು. ಅರವತ್ತು ವರ್ಷದ ಕೊರಿಯನ್ ಮುದುಕಿಯೊಬ್ಬಳು ಈ ಮಾತನ್ನು ಉಚ್ಚರಿಸುವಾಗ ಅವಳ ಗಂಟಲು ಬಿಗಿದರೆ ಆಶ್ಚರ್ಯವೇನು? ತಂದೆತಾಯಿಗಳ ಸಮಾಧಿ ಇರುವ ನೆಲವನ್ನು ತ್ಯಜಿಸುವುದೇ?

ಇದಕ್ಕೆ ಸಮಾಧಾನವನ್ನು ಎರಡು ಬಗೆಯಿಂದ ಹೇಳಬೇಕು. ಮೊದಲನೆಯದು, ಆ ಪ್ರತಿಜ್ಞೆಯು ವಿಧೇಯತೆಯನ್ನು ಬಿಡೆಂದು ಹೇಳುತ್ತದೆಯೇ ಹೊರತು ಪ್ರೀತಿಯನ್ನು ಬಿಡೆಂದು ಹೇಳುವುದಿಲ್ಲ. ತಾಯಿಯ ಭಾಷೆ, ಹಬ್ಬದ ಅಡಿಗೆ, ಹಿರಿಯರ ಸ್ಮರಣೆ ಇವುಗಳ ಮೇಲೆ ಯಾವ ಶಾಸನಕ್ಕೂ ಅಧಿಕಾರವಿಲ್ಲ. ಶಾಸನವು ಕೇಳಬಹುದಾದುದು ಕೈಯನ್ನು, ಕರುಳನ್ನಲ್ಲ. ನಮ್ಮ ಮನೆಯ ಹೆಣ್ಣುಮಗಳು ಮದುವೆಯಾಗಿ ಹೋದ ಮೇಲೆ ಗಂಡನ ಮನೆಯ ಒಲೆಯನ್ನು ತನ್ನದೆಂದು ಹೊತ್ತಿಸುತ್ತಾಳೆ. ಅದರಿಂದ ಅವಳ ತವರು ಅಳಿಯುವುದಿಲ್ಲ. ಹೋದ ಮನೆಯಲ್ಲಿ ಕೈಕಟ್ಟಿ ಕುಳಿತು ತವರಿನ ಹಿರಿಮೆಯನ್ನೇ ಹಾಡುವವಳು ಎರಡು ಮನೆಗೂ ಹೆಸರು ತರುವುದಿಲ್ಲ. ಕೊರಿಯಾ ಸರ್ಕಾರವೂ ಈ ಸೂಕ್ಷ್ಮವನ್ನು ಕಂಡಂತಿದೆ. 2010ರಲ್ಲಿ ತಿದ್ದುಪಡಿಯಾದ ಅಲ್ಲಿಯ ಶಾಸನದಂತೆ, ಹೊರನಾಡಿನ ಪೌರರಾದ ಕೊರಿಯನ್ ಮೂಲದವರು 65 ವರ್ಷ ವಯಸ್ಸಾದ ಮೇಲೆ ಹಿಂದಿರುಗಿ ನೆಲೆಸಿದರೆ, ಕೆಲವು ನಿಬಂಧನೆಗಳಿಗೊಳಪಟ್ಟು ತಮ್ಮ ಹಳೆಯ ಪೌರತ್ವವನ್ನೂ ಮರಳಿ ಪಡೆಯಬಹುದು. ತವರಿನ ಬಾಗಿಲು ಮುಚ್ಚಿಲ್ಲವೆಂದು ತಿಳಿಸುವ ರೀತಿ ಇದು.

ಎರಡನೆಯ ಸಮಾಧಾನ ಇನ್ನೂ ಆಳವಾದುದು. ಋಣವೆಂಬುದು ಹೇಗೆ ತೀರುತ್ತದೆ? ಸಾಲಗಾರನ ಋಣ ಸಾಲ ಕೊಟ್ಟವನಿಗೆ ಹಿಂದಿರುಗಿಸಿದರೆ ತೀರುತ್ತದೆ. ಆದರೆ ಹಿರಿದಾದ ಋಣಗಳು ಹಾಗೆ ತೀರತಕ್ಕವಲ್ಲ. ಪಿತೃಋಣವು ಮಕ್ಕಳನ್ನು ಪಡೆದು ಸಾಕುವುದರಿಂದ ತೀರುತ್ತದೆಂದೂ, ಋಷಿಋಣವು ಅಧ್ಯಯನ ಅಧ್ಯಾಪನಗಳಿಂದ ತೀರುತ್ತದೆಂದೂ ಪೂರ್ವಿಕರು ಹೇಳಿದ್ದಾರೆ. ತಂದೆಯಿಂದ ಪಡೆದುದನ್ನು ಮಗನಿಗೆ, ಗುರುವಿನಿಂದ ಪಡೆದುದನ್ನು ಶಿಷ್ಯನಿಗೆ ಕೊಡಬೇಕು. ಹಿಂದಕ್ಕಲ್ಲ, ಮುಂದಕ್ಕೆ ತೀರುವ ಋಣಗಳಿವು. ಹೆತ್ತ ನೆಲದ ಋಣವೂ ಈ ಜಾತಿಯದೇ. ಆ ನೆಲದಿಂದ ಪಡೆದ ಭಾಷೆ, ಶೀಲ, ದುಡಿಮೆಯ ಶಕ್ತಿ ಇವುಗಳನ್ನು ತಾನು ನಿಂತ ನೆಲದ ಜನರಿಗೆ ಸಲ್ಲಿಸಿದವನು ಹೆತ್ತ ನೆಲದ ಋಣವನ್ನೇ ತೀರಿಸಿದಂತಾಯಿತು.

ಆನ್ ಚಾಂಗ್ ಹೋ ಅವರ ಮಗಳು ಸೂಸನ್ ಇದಕ್ಕೆ ಸಾಕ್ಷಿ. ಅವರು ಲಾಸ್ ಏಂಜಲೀಸ್ ನಗರದಲ್ಲಿಯೇ ಹುಟ್ಟಿದವರು. 1942ರಲ್ಲಿ ಅಮೆರಿಕೆಯ ನೌಕಾಪಡೆಯನ್ನು ಸೇರಿ, ತೋಪುಗಾರಿಕೆಯನ್ನು ಕಲಿಸುವ ಅಧಿಕಾರಿಯಾದರು. ತಂದೆಯು ತಾಯ್ನಾಡಿಗಾಗಿ ಯಾವ ಸಾಮ್ರಾಜ್ಯದ ವಿರುದ್ಧ ಹೋರಾಡಿದರೋ, ಮಗಳು ತನ್ನ ನಾಡಿನ ಸಮವಸ್ತ್ರವನ್ನು ತೊಟ್ಟು ಅದೇ ಸಾಮ್ರಾಜ್ಯವನ್ನು ಎದುರಿಸುವ ಪಡೆಯಲ್ಲಿದ್ದರು. ಅದೇ ಕಾಲದ ಇನ್ನೊಂದು ನಿದರ್ಶನ ಯಂಗ್ ಓಕ್ ಕಿಮ್ ಅವರದು. ಜಪಾನೀ ಮೂಲದ ಅಮೆರಿಕನ್ನರ ಪಡೆಗೆ ಅಧಿಕಾರಿಯಾಗಿ ಅವರನ್ನು ಕಳುಹಿಸಿದಾಗ, ಕೊರಿಯನ್ನರಿಗೂ ಜಪಾನೀಯರಿಗೂ ಹೊಂದುವುದಿಲ್ಲ, ಬೇಕಾದರೆ ವರ್ಗ ಮಾಡಿಸಿಕೊಡುತ್ತೇನೆಂದು ಮೇಲಧಿಕಾರಿ ಹೇಳಿದರು. ಅವರೂ ಅಮೆರಿಕನ್ನರು, ನಾನೂ ಅಮೆರಿಕನ್ನ ಎಂಬ ಅಭಿಪ್ರಾಯದ ಉತ್ತರ ಕೊಟ್ಟು ಕಿಮ್ ಅವರು ಅಲ್ಲಿಯೇ ಉಳಿದರು. ಇಟಲಿ, ಫ್ರಾನ್ಸ್ ದೇಶಗಳ ರಣಭೂಮಿಯಲ್ಲಿ ಆ ಪಡೆಯೊಡನೆ ಹೋರಾಡಿದರು. ಹಳೆಯ ನಾಡಿನ ಪ್ರೀತಿಯನ್ನು ತರಬಹುದು, ಹಳೆಯ ನಾಡಿನ ವೈರವನ್ನು ಹೊಸ ನಾಡಿಗೆ ತರಬಾರದು ಎಂಬ ವಿವೇಕ ಇಲ್ಲಿದೆ.

ಇಲ್ಲಿಯವರೆಗೆ ಹೇಳಿದುದು ಅಲ್ಪಸಂಖ್ಯಾತರಾಗಿದ್ದ ಕಾಲದ ಮಾತು. 1965ರಲ್ಲಿ ಅಮೆರಿಕೆಯ ವಲಸೆಯ ಶಾಸನ ಬದಲಾಗಿ ಏಷ್ಯಾದ ಜನರಿಗೆ ಬಾಗಿಲು ಅಗಲವಾಗಿ ತೆರೆಯಿತು. 1970ರಲ್ಲಿ ಸುಮಾರು 70 ಸಾವಿರವಿದ್ದ ಕೊರಿಯನ್ನರು 2020ರ ಜನಗಣತಿಯ ವೇಳೆಗೆ, ಮಿಶ್ರ ಮೂಲದವರೂ ಸೇರಿ, ಸುಮಾರು 20 ಲಕ್ಷವಾದರು. ಹಾಗೆ ಬಂದವರಲ್ಲಿ ಓದಿದವರು ಬಹುಮಂದಿ. ಆದರೆ ಭಾಷೆಯ ತೊಡಕಿನಿಂದ ಅವರ ಪದವಿಗಳಿಗೆ ಬೆಲೆ ಸಿಗಲಿಲ್ಲ. ಆದಕಾರಣ ಅನೇಕರು ದಿನಸಿ ಅಂಗಡಿ, ಮದ್ಯದಂಗಡಿ, ಬಟ್ಟೆ ಒಗೆಯುವ ಅಂಗಡಿಗಳನ್ನು ಇಟ್ಟರು. ನಮ್ಮಲ್ಲಿ ಚೀಟಿ ಹಾಕುವಂತೆ ಅವರಲ್ಲಿಯೂ 'ಕ್ಯೇ' ಎಂಬ ಪದ್ಧತಿಯುಂಟು. ಹತ್ತು ಜನ ತಿಂಗಳು ತಿಂಗಳು ಹಣ ಕೂಡಿಸಿ ಸರದಿಯಂತೆ ಒಬ್ಬೊಬ್ಬರಿಗೆ ಕೊಡುವುದು. ಇದರಿಂದ ಬಂಡವಾಳವೊದಗಿತು. ಗಂಡ ಹೆಂಡಿರು ಬೆಳಗಿನಿಂದ ನಡುರಾತ್ರಿಯವರೆಗೆ ಅಂಗಡಿಯಲ್ಲಿ ನಿಂತು ಮಕ್ಕಳನ್ನು ಓದಿಸಿದರು. ತೆರಿಗೆ ಕೊಟ್ಟರು, ತಮ್ಮ ಪಾಡಿಗೆ ತಾವಿದ್ದರು. ಇಷ್ಟು ಸಾಲದೇ?

ಸಾಲದೆಂಬುದನ್ನು 1992ರ ಏಪ್ರಿಲ್ 29 ತಿಳಿಸಿತು. ಲಾಸ್ ಏಂಜಲೀಸಿನಲ್ಲಿ ರಾಡ್ನಿ ಕಿಂಗ್ ಎಂಬ ಆಫ್ರಿಕಾ ಮೂಲದ ಅಮೆರಿಕನ್ನನನ್ನು ಪೋಲೀಸರು ಹೊಡೆದ ಮೊಕದ್ದಮೆಯಲ್ಲಿ ಆರೋಪಿಗಳು ಬಿಡುಗಡೆ ಹೊಂದಿದ ಸುದ್ದಿ ಬಂದೊಡನೆ ದಂಗೆಯೆದ್ದಿತು. 50ಕ್ಕೂ ಹೆಚ್ಚು ಜನ ಸತ್ತರು. ಸುಮಾರು 2,300 ಕೊರಿಯನ್ ಅಂಗಡಿಗಳು ಸುಟ್ಟುವು, ಇಲ್ಲವೆ ಲೂಟಿಯಾದುವು. ನಷ್ಟ ಸುಮಾರು 40 ಕೋಟಿ ಡಾಲರು. ಸಹಾಯಕ್ಕಾಗಿ ಕೂಗಿದರೆ ಪೋಲೀಸರು ಬರಲಿಲ್ಲ. ಕೊರಿಯನ್ನರು ಆ ದುರ್ದಿನವನ್ನು 'ಸಾ-ಇ-ಗು' ಎಂದು, ಎಂದರೆ ನಾಲ್ಕು, ಎರಡು, ಒಂಬತ್ತು ಎಂದು, ತಿಂಗಳು ದಿನಗಳ ಅಂಕೆಗಳಿಂದಲೇ ಕರೆಯುತ್ತಾರೆ.

ಅವರ ಅಂಗಡಿಗಳಿಗೇಕೆ ಬೆಂಕಿ ಬಿದ್ದಿತು? ದಂಗೆಗೆ ಮೂಲವಾದ ಅನ್ಯಾಯದಲ್ಲಿ ಅವರ ಪಾತ್ರವಿರಲಿಲ್ಲ. ಕಾರ್ಖಾನೆಗಳು ಮುಚ್ಚಿ ಬಡತನಕ್ಕಿಳಿದ ಆಫ್ರಿಕಾ ಮೂಲದವರ ಕೇರಿಗಳಲ್ಲಿ ಅವರ ಅಂಗಡಿಗಳಿದ್ದುವು. ಮನೆಗಳು ಬಹುಮಟ್ಟಿಗೆ ಬೇರೆ ಕಡೆ. ದಿನವೂ ಎದುರುಬದುರು ನಿಂತರೂ ಒಬ್ಬರ ಸುಖದುಃಖ ಒಬ್ಬರಿಗೆ ತಿಳಿಯದು. 1991ರ ಮಾರ್ಚಿಯಲ್ಲಿ ಅಂಗಡಿಯೊಂದರ ಕೊರಿಯನ್ ಹೆಂಗಸು, ಕಿತ್ತಳೆರಸದ ಬಾಟಲಿಯೊಂದರ ವಿಷಯದ ಜಗಳದಲ್ಲಿ 15 ವರ್ಷದ ಕಪ್ಪು ಬಾಲಕಿಯನ್ನು ಗುಂಡಿಟ್ಟು ಕೊಂದಳು. ಅಪರಾಧ ಸಿದ್ಧವಾದರೂ ನ್ಯಾಯಾಧೀಶರು ಅವಳಿಗೆ ಸೆರೆವಾಸ ವಿಧಿಸಲಿಲ್ಲ. ಆ ಬಾಲಕಿಯ ಜನರ ಎದೆಯಲ್ಲಿ ಆ ಕಿಚ್ಚು ಆರದೆ ಉಳಿದಿತ್ತು. ಒಬ್ಬಳ ಅಪರಾಧಕ್ಕೆ ಸಾವಿರಾರು ಜನರ ಬಾಳನ್ನು ಸುಡುವುದು ನ್ಯಾಯವಲ್ಲ. ಅದನ್ನು ಯಾರೂ ಸಮರ್ಥಿಸಲಾರರು. ಆದರೆ ನೆರೆಯವನ ಅಳಲನ್ನು ಕೇಳದೆ ಬಾಳಿದರೆ ನೆರೆಯ ಬೆಂಕಿ ಕೇಳದೆಯೇ ಬರುತ್ತದೆಂಬ ಮಾತು ಸುಳ್ಳಲ್ಲ.

ವಿಚಾರ ಮಾಡಿದವರಿಗೆ ಇಲ್ಲಿ ಇನ್ನೊಂದು ಋಣವೂ ಕಾಣುತ್ತದೆ. ಕೊರಿಯನ್ನರಿಗೆ ಬಾಗಿಲು ತೆರೆದ 1965ರ ಶಾಸನವು ತಾನಾಗಿ ಬಂದುದಲ್ಲ. ವರ್ಣಭೇದದ ವಿರುದ್ಧ ಆಫ್ರಿಕಾ ಮೂಲದ ಜನರು ಏಟು ತಿಂದು, ಸೆರೆ ಸೇರಿ, ಪ್ರಾಣ ಕೊಟ್ಟು ನಡೆಸಿದ ಹೋರಾಟದ ಕಾಲದಲ್ಲಿ, ಅದರ ಪ್ರಭಾವದಿಂದ ಆದ ಶಾಸನವದು. ಮತದಾನದ ಹಕ್ಕಿನ ಶಾಸನವಾದುದೂ ಅದೇ ವರ್ಷ. ಎಂದಮೇಲೆ ಅಂಗಡಿಯ ಕಟ್ಟೆಯ ಈಚೆ ನಿಂತು ಬ್ರೆಡ್ಡು ಹಾಲು ಕೊಳ್ಳುತ್ತಿದ್ದ ಆ ಬಡವರ ಹಿರಿಯರೇ, ಆಚೆ ನಿಂತ ವ್ಯಾಪಾರಿಯು ಆ ದೇಶಕ್ಕೆ ಬರುವಂತೆ ಬಾಗಿಲು ತೆರೆಸಿದವರು. ಈ ಋಣ ಇಬ್ಬರಿಗೂ ತಿಳಿದಿರಲಿಲ್ಲ. ಹುಟ್ಟಿದ ನಾಡಿನ ಋಣವನ್ನು ಮರೆಯಬಾರದೆಂದು ನಾವು ಸುಲಭವಾಗಿ ಹೇಳುತ್ತೇವೆ. ಬಂದ ನಾಡಿನಲ್ಲಿ ನಮಗಾಗಿ ದಾರಿ ಮಾಡಿದವರ ಋಣ ನಮ್ಮ ಕಣ್ಣಿಗೇ ಬೀಳುವುದಿಲ್ಲ. ದುಡಿದು, ಕೂಡಿಟ್ಟು, ಮಕ್ಕಳನ್ನು ಓದಿಸುವುದು ಕಾಯಕವಹುದು. ಆದರೆ ಅದರ ಫಲ ತನ್ನ ಹೊಸ್ತಿಲೊಳಗೇ ನಿಂತರೆ ಅದು ದಾಸೋಹವಾಗುವುದಿಲ್ಲವೆಂದು ಈ ಪತ್ರಿಕೆಯ ವಾಚಕರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ.

ಬೆಂಕಿಯಾರಿದ ಮೇಲೆ ಕೊರಿಯನ್ನರು ಮಾಡಿದುದೇನು? ಮೇ 2ರಂದು ಸಾವಿರಾರು ಜನರು ಕೊರಿಯಾಟೌನಿನ ಬೀದಿಗಳಲ್ಲಿ ಶಾಂತಿಯ ಮೆರವಣಿಗೆ ನಡೆಸಿದರು. ಬೇರೆ ವರ್ಣದವರೂ ಅವರೊಡನೆ ನಡೆದರು. ತಮ್ಮ ಕೇರಿಯು ನಗರಸಭೆಯ ಹಲವು ವಿಭಾಗಗಳಲ್ಲಿ ಹಂಚಿಹೋಗಿರುವುದರಿಂದ ತಮ್ಮ ಮಾತನ್ನು ಕೇಳುವವರಿಲ್ಲವೆಂಬುದು ಅವರಿಗೆ ಮನದಟ್ಟಾಯಿತು. ಪೌರತ್ವ ಪಡೆಯಿರಿ, ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿರಿ ಎಂಬ ಪ್ರಯತ್ನ ಬಲಗೊಂಡಿತು. ಮತದಾನದ ಶಾಸನಕ್ಕೆ 1975ರಲ್ಲಿ ಸೇರಿಸಿದ ವಿಧಿಯ ಆಧಾರದಿಂದ ಲಾಸ್ ಏಂಜಲೀಸ್ ಮೊದಲಾದ ಕಡೆ ಮತಪತ್ರಗಳು ಕೊರಿಯನ್ ಭಾಷೆಯಲ್ಲಿಯೂ ದೊರೆಯುವಂತಾಯಿತು. 2015ರಲ್ಲಿ ಆ ನಗರಸಭೆಗೆ ಮೊದಲ ಕೊರಿಯನ್ ಸದಸ್ಯರಾಗಿ ಡೇವಿಡ್ ರ್ಯೂ ಆಯ್ಕೆಯಾದರು. 2020ರ ಚುನಾವಣೆಯಲ್ಲಿ ಕೊರಿಯನ್ ಮೂಲದ ಮೂವರು ಮಹಿಳೆಯರು ಆ ದೇಶದ ಪ್ರತಿನಿಧಿ ಸಭೆಯನ್ನು ಪ್ರವೇಶಿಸಿದರು. ಅವರಲ್ಲೊಬ್ಬರಾದ, ಕೊರಿಯನ್ ತಾಯಿಯ ಮತ್ತು ಆಫ್ರಿಕಾ ಮೂಲದ ತಂದೆಯ ಮಗಳಾದ ಮೆರಿಲಿನ್ ಸ್ಟ್ರಿಕ್‌ಲ್ಯಾಂಡ್ ಅವರು ಕೊರಿಯನ್ನರ ಸಾಂಪ್ರದಾಯಿಕ ಉಡುಪನ್ನು ಧರಿಸಿ ಪ್ರಮಾಣವಚನ ಸ್ವೀಕರಿಸಿದರು. ತವರಿನ ಸೀರೆಯನ್ನುಟ್ಟೇ ಹೊಸ ಮನೆಯ ದೀಪ ಹಚ್ಚಿದಂತೆ.

ಇಲ್ಲಿ ಮೂರನೆಯ ಪೂರ್ವಪಕ್ಷ. ಇದು ಪೌರಧರ್ಮವಲ್ಲ, ಪಂಗಡದ ಸ್ವಾರ್ಥ. ತಮ್ಮವರಿಗಾಗಿ ತಮ್ಮವರನ್ನು ಗೆಲ್ಲಿಸುವುದು ಎಂಬ ಆಕ್ಷೇಪ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. 1992ರಲ್ಲಿಯೇ ಪ್ರತಿನಿಧಿ ಸಭೆಗೆ ಆಯ್ಕೆಯಾದ ಮೊದಲ ಕೊರಿಯನ್ ಮೂಲದ ಸದಸ್ಯ ಜೇ ಕಿಮ್ ಅವರು, ಚುನಾವಣೆಗೆ ಅಕ್ರಮವಾಗಿ ಹಣ ಪಡೆದುದಾಗಿ 1997ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಳ್ಳಬೇಕಾಯಿತು. ನಮ್ಮವನು ಪೀಠವೇರಿದನೆಂಬ ಸಂತೋಷವೊಂದೇ ಧರ್ಮವಾಗುವುದಿಲ್ಲ. ಕೊರಿಯನ್ನರು 'ನನ್ನ ತಾಯಿ', 'ನನ್ನ ಮನೆ' ಎನ್ನದೆ 'ಉರಿ' ಎಂಬ ಶಬ್ದವನ್ನು ಸೇರಿಸಿ 'ನಮ್ಮ ತಾಯಿ', 'ನಮ್ಮ ಮನೆ' ಎನ್ನುತ್ತಾರೆ. ಕನ್ನಡದಲ್ಲಿ ಉರಿಯೆಂದರೆ ಬೆಂಕಿ. ಶಬ್ದಸಾಮ್ಯ ಆಕಸ್ಮಿಕವಾದರೂ ಅದರಲ್ಲೊಂದು ಎಚ್ಚರಿಕೆಯಿದೆ. 'ನಮ್ಮ' ಎಂಬುದು ಒಲೆಯೊಳಗಿನ ಬೆಂಕಿಯಂತಿದ್ದರೆ ಅನ್ನ ಬೇಯಿಸುತ್ತದೆ. ಗೋಡೆ ಹತ್ತಿದರೆ ಊರನ್ನು ಸುಡುತ್ತದೆ. ಆ 'ನಮ್ಮ' ಎಷ್ಟು ಜನರನ್ನು ಒಳಗೊಳ್ಳುತ್ತದೆಂಬುದೇ ಪ್ರಶ್ನೆ.

ಕೊರಿಯಾಟೌನಿನಲ್ಲಿ 1992ರಲ್ಲಿ ಹುಟ್ಟಿದ ವಲಸೆ ಕಾರ್ಮಿಕರ ಸಂಘವೊಂದು ಈ ಪ್ರಶ್ನೆಗೆ ಕೊಟ್ಟ ಉತ್ತರ ಮೆಚ್ಚತಕ್ಕದ್ದು. ಅಲ್ಲಿಯ ಹೋಟೆಲುಗಳಲ್ಲಿಯೂ ದೊಡ್ಡ ಅಂಗಡಿಗಳಲ್ಲಿಯೂ ದುಡಿಯುತ್ತಿದ್ದ ಕೊರಿಯನ್ನರನ್ನೂ ಮೆಕ್ಸಿಕೋ ಮೊದಲಾದ ದೇಶಗಳಿಂದ ಬಂದ ಕೂಲಿಗಳನ್ನೂ ಅದು ಒಂದುಗೂಡಿಸಿತು. ಕಾನೂನಿನಂತೆ ಕೂಲಿ ಕೊಡದ ಯಜಮಾನರನ್ನು, ಅವರು ಕೊರಿಯನ್ನರೇ ಆದರೂ, ಬೀದಿಯಲ್ಲಿ ನಿಂತು ಪ್ರಶ್ನಿಸಿತು. ತನ್ನವನು ತಪ್ಪಿದಾಗ ಅನ್ಯನ ಪರವಾಗಿ ನಿಲ್ಲುವ ಧೈರ್ಯವು ಎಲ್ಲಿ ಹುಟ್ಟುತ್ತದೆಯೋ ಅಲ್ಲಿ ಪಂಗಡದ ಅಭಿಮಾನ ಮುಗಿದು ಪೌರಧರ್ಮ ಆರಂಭವಾಗುತ್ತದೆ. ಅನ್ಯಾಯಕ್ಕೊಳಗಾದವನು ತನಗೆ ನ್ಯಾಯ ಕೇಳುವುದು ಸಹಜಗುಣ. ಇನ್ನೊಬ್ಬನಿಗಾಗಿ, ಅದೂ ತನ್ನವನ ವಿರುದ್ಧ, ನ್ಯಾಯ ಕೇಳುವುದು ಸಂಸ್ಕಾರ.

ಆದರೆ ಕರ್ತವ್ಯವೆಲ್ಲವೂ ಬಂದವನದೇ ಎಂದು ತಿಳಿಯಬಾರದು. ಕರೆದ ನಾಡಿಗೂ ಕರ್ತವ್ಯವುಂಟು. ಕೊರಿಯಾ ಯುದ್ಧದ ನಂತರದ ದಶಕಗಳಲ್ಲಿ ಲಕ್ಷಕ್ಕೂ ಹೆಚ್ಚು ಕೊರಿಯನ್ ಮಕ್ಕಳನ್ನು ಅಮೆರಿಕೆಯ ಕುಟುಂಬಗಳು ದತ್ತು ತೆಗೆದುಕೊಂಡುವು. ಅವರಲ್ಲಿ ಸಾವಿರಾರು ಮಕ್ಕಳಿಗೆ ಸಾಕಿದವರು ಪೌರತ್ವದ ಕಾಗದಗಳನ್ನು ಪೂರೈಸಲಿಲ್ಲ. 2000ದ ಶಾಸನವೊಂದು ದತ್ತು ಮಕ್ಕಳಿಗೆ ತಾನಾಗಿ ಪೌರತ್ವ ದೊರೆಯುವಂತೆ ಮಾಡಿತು. ಆದರೆ ಅದು ಜಾರಿಗೆ ಬಂದ ದಿನಕ್ಕೆ 18 ತುಂಬಿದವರನ್ನು ಹೊರಗಿಟ್ಟಿತು. ಶೈಶವದಿಂದ ಆ ನಾಡಿನಲ್ಲಿಯೇ ಬೆಳೆದು, ಬೇರೆ ಭಾಷೆ ಬಾರದ ಕೆಲವರನ್ನು, ಅಪರಾಧದಲ್ಲಿ ಸಿಲುಕಿದರೆಂಬ ಕಾರಣಕ್ಕೆ, ಅವರು ಕಂಡರಿಯದ ಕೊರಿಯಾಕ್ಕೆ ಗಡೀಪಾರು ಮಾಡಿದುದುಂಟು. ತಪ್ಪು ಮಾಡಿದ ಮಗನನ್ನು ಶಿಕ್ಷಿಸುವುದು ಬೇರೆ. ನೀನು ನಮ್ಮ ಮಗನೇ ಅಲ್ಲವೆನ್ನುವುದು ಬೇರೆ. ಪತ್ರಕ್ಕಿಂತ ನಡತೆ ಹಿರಿದೆಂದು ಮೇಲೆ ಹೇಳಿದೆವು. ಆ ಮಾತು ನಾಡಿಗೂ ಅನ್ವಯಿಸುತ್ತದೆ. ಪತ್ರವಿಲ್ಲವೆಂದು ಮಗುವನ್ನು ಕಳೆದುಕೊಳ್ಳುವ ನಾಡು ತನ್ನ ನಡತೆಯನ್ನು ತಾನೇ ಪರೀಕ್ಷಿಸಿಕೊಳ್ಳಬೇಕು.

ಇನ್ನು ಸಿದ್ಧಾಂತವನ್ನು ಹೇಳಿ ಮುಗಿಸೋಣ. 2021ರ ಜನವರಿ 6ರಂದು ಅಮೆರಿಕೆಯ ಸಂಸದ್ಭವನಕ್ಕೆ ಒಂದು ಗುಂಪು ನುಗ್ಗಿ ಹಾವಳಿ ಮಾಡಿತು. ನಡುರಾತ್ರಿ ಕಳೆದ ಮೇಲೆ, ಆ ಭವನದ ಗುಮ್ಮಟದ ಕೆಳಗೆ ಒಬ್ಬ ಸದಸ್ಯರು ಮೊಣಕಾಲೂರಿ, ಚೆಲ್ಲಿ ಹೋಗಿದ್ದ ಕಸವನ್ನು ಚೀಲಕ್ಕೆ ತುಂಬುತ್ತಿದ್ದರು. ಕೊರಿಯಾದಿಂದ ಬಂದ ದಂಪತಿಗಳ ಮಗ ಆಂಡಿ ಕಿಮ್ ಅವರು. ಗುಡಿಸೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದು ಅವರು ಮಾಡಿದ ಕಸವೂ ಅಲ್ಲ. 2024ರಲ್ಲಿ ಅವರು ಸೆನೆಟ್ ಸಭೆಗೆ ಆಯ್ಕೆಯಾದ ಮೊದಲ ಕೊರಿಯನ್ ಮೂಲದವರಾದರು. ನೂರಿಪ್ಪತ್ತು ವರ್ಷಗಳ ಹಿಂದೆ ಆನ್ ಚಾಂಗ್ ಹೋ ಅವರು ತಮ್ಮವರ ಅಂಗಳವನ್ನು ಗುಡಿಸಿದರು. ಈಗ ಇವರು ಎಲ್ಲರ ಅಂಗಳವನ್ನು ಗುಡಿಸಿದರು. 'ನಮ್ಮ' ಎಂಬುದು ಇಷ್ಟು ದೂರ ನಡೆದು ಬಂದಿತು. ಹುಟ್ಟಿನಿಂದ ಪ್ರಜೆ, ವಾಸದಿಂದ ಪೌರ, ನಡತೆಯಿಂದ ನಾಗರಿಕ ಎಂದ ಮಾತಿಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ.

ಆದುದರಿಂದ, ದೂರದೇಶದಲ್ಲಿ ನೆಲೆಸಿದ ಮಗನು ಅಲ್ಲಿಯ ಪೌರನಾದನೆಂದು ತಂದೆತಾಯಿಗಳು ಮರುಗಬೇಕಾಗಿಲ್ಲ. ಅವನನ್ನು ಕೇಳಬೇಕಾದ ಪ್ರಶ್ನೆ ಬೇರೆ. ಆ ಊರಿನಲ್ಲಿ ನಿನ್ನ ಭಾಷೆಯವನಲ್ಲದ, ನಿನ್ನ ಬಣ್ಣದವನಲ್ಲದ ನೆರೆಯವನ ಕಷ್ಟ ನಿನಗೆ ತಿಳಿದಿದೆಯೇ? ನಿನಗಿಂತ ಮುಂಚೆ ಬಂದು ದಾರಿ ಮಾಡಿಕೊಟ್ಟವರು ಯಾರೆಂದು ಅರಿತಿರುವೆಯಾ? ನಿನ್ನ ಮತವನ್ನು ನಿನ್ನವರಿಗಾಗಿ ಮಾತ್ರ ಕೊಡುವೆಯೋ, ಊರಿಗಾಗಿ ಕೊಡುವೆಯೋ? ಈ ಪ್ರಶ್ನೆಗಳಿಗೆ ಅವನು ತಲೆಯೆತ್ತಿ ಉತ್ತರ ಹೇಳಬಲ್ಲನಾದರೆ ಅವನು ಹೆತ್ತ ನಾಡಿನ ಋಣವನ್ನು ಅಲ್ಲಿದ್ದೇ ತೀರಿಸುತ್ತಿದ್ದಾನೆ. ಹೇಳಲಾರನಾದರೆ ಎರಡು ನಾಡುಗಳ ಗುರುತಿನ ಪತ್ರಗಳೂ ಅವನ ಪೆಟ್ಟಿಗೆಯಲ್ಲಿದ್ದರೂ ಅವನು ಯಾವ ನಾಡಿಗೂ ಸೇರಿದವನಲ್ಲ. ಹುಟ್ಟಿದ ಊರಿನಲ್ಲಿಯೇ ಉಳಿದ ನಮಗೂ ಇದೇ ಪರೀಕ್ಷೆ. ಹೊರಗಿನಿಂದ ಬಂದು ನಮ್ಮ ಬೀದಿಯಲ್ಲಿ ನೆಲೆಸಿದವನನ್ನು ಎದುರಿಗೆ ಕಂಡಾಗ ನಮ್ಮ ಉತ್ತರವೇನೆಂಬುದನ್ನು ನಾವೂ ಕೇಳಿಕೊಳ್ಳತಕ್ಕದ್ದು.